ಪುಟ್ಟ ವ್ಯಾಗನ್ನಿನ ಲೆಕ್ಕ

ಮಕ್ಕಳೇ, ಆಟಿಕೆ ರೈಲು ಎಂದರೆ ನಿಮಗೆಲ್ಲ ಇಷ್ಟ ಅಲ್ಲವೇ? ಆದರೆ ಆಟಿಕೆ ಬೇರೆ, ಮಾದರಿ ಬೇರೆ. ಆಟಿಕೆ ಓಡಿದರೆ ಸಾಕು. ಮಾದರಿ ಅಸಲಿನಂತೆಯೇ ಇರಬೇಕು. ನಾವಿರುವ ಈ ಐರ್ಲೆಂಡಿನ ಹಳೆಯ ಸರಕು ವ್ಯಾಗನ್ನುಗಳ ಮಾದರಿಯನ್ನು ಹೇಗೆ ಮಾಡುತ್ತಾರೆಂದು ಈ ಪಾಠದಲ್ಲಿ ತಿಳಿಯೋಣ.

ಮೊದಲು ಅಳತೆ. ಇಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ರಮದಲ್ಲಿ 1 ಅಡಿಗೆ 4 ಮಿಲಿಮೀಟರ್. ಅಂದರೆ ಮಾದರಿಯು ಅಸಲಿನ ಸುಮಾರು 76ನೇ ಒಂದು ಭಾಗ. 20 ಅಡಿ ಉದ್ದದ ವ್ಯಾಗನ್ 80 ಮಿ.ಮೀ. ಆಗಿ ಅಂಗೈಯಲ್ಲಿ ಕೂರುತ್ತದೆ.

ಇಲ್ಲೊಂದು ತೊಡಕು ಇದೆ. 1846ರ ಕಾಯಿದೆಯು ಬ್ರಿಟನ್ನಿನಲ್ಲಿ ಹಳಿಗಳ ನಡುವಿನ ಅಂತರವನ್ನು 4 ಅಡಿ 8½ ಅಂಗುಲ ಎಂದೂ ಐರ್ಲೆಂಡಿನಲ್ಲಿ 5 ಅಡಿ 3 ಅಂಗುಲ ಎಂದೂ ಗೊತ್ತುಪಡಿಸಿತು. 5 ಅಡಿ 3 ಅಂಗುಲವೆಂದರೆ 5.25 ಅಡಿ. ಅದನ್ನು 4ರಿಂದ ಗುಣಿಸಿದರೆ 21 ಮಿ.ಮೀ. ಆದರೆ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಹಳಿಯ ಅಂತರ 16.5 ಮಿ.ಮೀ. ಮಾತ್ರ! ಹಲವರು ಅದಕ್ಕೇ ಒಪ್ಪಿಕೊಳ್ಳುತ್ತಾರೆ. ಕೆಲವರು 21 ಮಿ.ಮೀ. ಹಳಿಯನ್ನು ತಮ್ಮ ಕೈಯಾರೆ ಜೋಡಿಸುತ್ತಾರೆ. ಎರಡೂ ಸರಿಯೇ, ಎಲ್ಲಿ ರಾಜಿ ಮಾಡಿಕೊಂಡಿದ್ದೇವೆ ಎಂಬುದು ಮಾತ್ರ ನಮಗೆ ಗೊತ್ತಿರಬೇಕು.

ಎರಡನೆಯದು ಬಣ್ಣ. ಸಿ.ಐ.ಇ. ಸಾರಿಗೆ ಸಂಸ್ಥೆ ಹುಟ್ಟಿದ್ದು 1945ರಲ್ಲಿ. ಅದರ ವ್ಯಾಗನ್ನುಗಳು ಬೂದು ಬಣ್ಣದಲ್ಲಿದ್ದ ಕಾಲದಲ್ಲಿ ಚಕ್ರದ ಮೇಲಿನ ಚೌಕಟ್ಟಿಗೂ ಸಾಮಾನ್ಯವಾಗಿ ಅದೇ ಬೂದು ಬಣ್ಣ ಬಳಿಯುತ್ತಿದ್ದರು. ಬ್ರಿಟಿಷ್ ಮಾದರಿಗಳನ್ನು ನೋಡಿ ಅಭ್ಯಾಸವಾದವರು ಚೌಕಟ್ಟಿಗೆ ಕಪ್ಪು ಬಳಿದುಬಿಡುತ್ತಾರೆ. ಊಹೆಗಿಂತ ಹಳೆಯ ಫೋಟೋ ಮೇಲು.

ಮೂರನೆಯದು ಬಳಕೆ. ಕೆಲವು ವ್ಯಾಗನ್ನುಗಳ ಚಾವಣಿಯ ನಡುಭಾಗ ತೆರೆದಿರುತ್ತಿತ್ತು. ದನಗಳನ್ನು ಸಾಗಿಸುವಾಗ ಹಾಗೇ ಬಿಡುತ್ತಿದ್ದರು. ಸರಕು ತುಂಬಿದರೆ ಟಾರ್ಪಾಲಿನ್ ಹೊದಿಸುತ್ತಿದ್ದರು. ಸಕ್ಕರೆ ಬೀಟ್ ಸಾಗಿಸಲು 1980ರ ದಶಕದಲ್ಲಿ ಹಳೆಯ ತೆರೆದ ವ್ಯಾಗನ್ನುಗಳ ತೊಟ್ಟಿಗಳನ್ನು ಒಂದರ ಮೇಲೊಂದು ಕೂರಿಸಿ ಎತ್ತರದ ವ್ಯಾಗನ್ ಮಾಡಿದರು. ವೆಕ್ಸ್‌ಫರ್ಡ್ ಜಿಲ್ಲೆಯ ವೆಲಿಂಗ್ಟನ್‌ಬ್ರಿಜ್‌ನಿಂದ ಮ್ಯಾಲೋ ಊರಿನ ಸಕ್ಕರೆ ಕಾರ್ಖಾನೆಗೆ ಬೀಟ್ ಹೋಗುತ್ತಿತ್ತು. 2006ರಲ್ಲಿ ಆ ಕಾರ್ಖಾನೆ ಮುಚ್ಚಿತು, ಬೀಟ್ ರೈಲೂ ನಿಂತಿತು.

ಪೋಷಕರೇ, ಚೆಂದದ ಎಂಜಿನ್ನುಗಳನ್ನು ಜನ ಉಳಿಸಿಕೊಂಡರು. ದನ, ಬೀಟ್ ಹೊತ್ತ ವ್ಯಾಗನ್ನುಗಳಲ್ಲಿ ಹೆಚ್ಚಿನವು ಗುಜರಿಗೆ ಹೋದವು. ಈಗ ಅವು ಉಳಿದಿರುವುದು ಬಹುಪಾಲು ಫೋಟೋ, ನಕ್ಷೆ, ಹಿರಿಯರ ನೆನಪು ಮತ್ತು ಇಂಥ ಮಾದರಿಗಳಲ್ಲಿ. ನಿಮ್ಮ ನೆರೆಯಲ್ಲಿ ರೈಲ್ವೆಯಲ್ಲಿ ದುಡಿದ ಹಿರಿಯರಿದ್ದರೆ ಮಕ್ಕಳನ್ನು ಅವರಲ್ಲಿಗೆ ಕರೆದೊಯ್ಯಿರಿ. ಡಬ್ಲಿನ್ ಬಳಿಯ ಮ್ಯಾಲಹೈಡ್‌ನಲ್ಲಿ ಸಿರಿಲ್ ಫ್ರೈ ಎಂಬುವರು ಕೈಯಾರೆ ಮಾಡಿದ ರೈಲು ಮಾದರಿಗಳ ಸಂಗ್ರಹಾಲಯವಿದೆ, ಅದನ್ನೂ ತೋರಿಸಿ.

ಅಭ್ಯಾಸ
1. 17 ಅಡಿ ಉದ್ದದ ವ್ಯಾಗನ್ನಿನ ಮಾದರಿ ಎಷ್ಟು ಮಿ.ಮೀ. ಇರಬೇಕು?
2. ಭಾರತದ ಬ್ರಾಡ್‌ಗೇಜ್ ಹಳಿಯ ಅಂತರ 5 ಅಡಿ 6 ಅಂಗುಲ. ಇದೇ ಅಳತೆಯಲ್ಲಿ ಅದರ ಮಾದರಿ ಹಳಿಯ ಅಂತರ ಎಷ್ಟಾಗುತ್ತದೆ?
3. ನಿಮ್ಮ ಅಜ್ಜನ ಊರಿನ ಎತ್ತಿನ ಗಾಡಿಯ ಅಳತೆಯನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಿ. ರಟ್ಟಿನಲ್ಲಿ ಅದರ ಮಾದರಿ ಮಾಡಿ ತನ್ನಿ.