ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಗುರುತ್ವ ಕೇಂದ್ರ

ಮಕ್ಕಳೇ, ಒಂದು ಸಂಜೆ ಬಾಸ್ಕೆಟ್‌ಬಾಲ್ ಅಭ್ಯಾಸ ಮುಗಿದ ಮೇಲೆ ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಂದು, "ಟೀಚರ್, ನಾನು ಟೀಮಿಗೆ ಇಲ್ಲ. ನನ್ನ ಕಾಲು ಸ್ಲೋ. ಅವಳು ಪ್ರತಿ ಸಲ ನನ್ನನ್ನು ದಾಟಿ ಹೋಗ್ತಾಳೆ" ಎಂದಳು. ಎದುರಾಳಿಯೊಬ್ಬಳನ್ನು ಬುಟ್ಟಿಯ ಕಡೆಗೆ ಬಿಡದೆ ತಡೆಯುವುದು ಅವಳ ಕೆಲಸ. ಇದಕ್ಕೆ ಒನ್-ಆನ್-ಒನ್ ಡಿಫೆನ್ಸ್ ಎನ್ನುತ್ತಾರೆ. ಕಾಲು ನಿಧಾನ ಎಂದು ಅವಳೇ ತೀರ್ಮಾನ ಮಾಡಿಯಾಗಿತ್ತು. ಆದರೆ ಅಳೆಯದೆ ತೀರ್ಮಾನ ಮಾಡಿದರೆ ಅದು ವಿಜ್ಞಾನ ಆಗ್ತದಾ? ಮರುದಿನ ಅಳೆದೆವು.

ಮೊದಲು ಇಬ್ಬರನ್ನೂ 10 ಮೀಟರ್ ಓಡಿಸಿದೆ. ಹೆಚ್ಚುಕಡಿಮೆ ಒಟ್ಟಿಗೇ ತಲುಪಿದರು. ಆಮೇಲೆ ಸ್ಕೇಲಿನ ಪರೀಕ್ಷೆ. ಗೆಳತಿ ಸ್ಕೇಲನ್ನು ನೇರವಾಗಿ ತೂಗಿ ಹಿಡಿಯಬೇಕು. ಸೊನ್ನೆಯ ಗುರುತು ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇರಲಿ. ಅವಳು ಹೇಳದೆ ಕೈಬಿಟ್ಟಾಗ ನೀವು ಹಿಡಿಯಬೇಕು. ಸ್ಕೇಲು ಎಷ್ಟು ಬಿತ್ತೋ ಅದು s. ಚಲನೆಯ ಪಾಠದ s = ½gt² ಸಮೀಕರಣದಿಂದ t ಸಿಗುತ್ತದೆ. ಇವಳದ್ದು 18 ಸೆಂ.ಮೀ., ದಾಟಿ ಹೋಗುವವಳದ್ದು 17 ಸೆಂ.ಮೀ. ಲೆಕ್ಕ ಹಾಕಿದರೆ ಇಬ್ಬರದ್ದೂ ಸುಮಾರು 0.19 ಸೆಕೆಂಡ್! ಕಾಲೂ ಸಮ, ಪ್ರತಿಕ್ರಿಯೆಯ ಸಮಯವೂ ಸಮ. ಹಾಗಾದರೆ ತಪ್ಪುತ್ತಿದ್ದದ್ದು ಎಲ್ಲಿ?

ಅವಳ ಕಣ್ಣು ಎಲ್ಲಿದೆ ಎಂದು ಗಮನಿಸಿದೆ. ಚೆಂಡಿನ ಮೇಲೆಯೇ ಇತ್ತು. ಎದುರಾಳಿ ಚೆಂಡನ್ನು ಬಲಕ್ಕೆ ತೋರಿಸಿದ ಕೂಡಲೇ ಇವಳು ಬಲಕ್ಕೆ ಹಾರುತ್ತಿದ್ದಳು. ಅವಳು ಎಡಕ್ಕೆ ಹೋಗುತ್ತಿದ್ದಳು. ಒಮ್ಮೆ ಚಲಿಸಲು ಶುರುಮಾಡಿದ ದೇಹ ಜಡತ್ವದಿಂದ ಅದೇ ಕಡೆಗೆ ಹೋಗುತ್ತದೆ. ಅದನ್ನು ನಿಲ್ಲಿಸಬೇಕು, ಮತ್ತೆ ತಿರುಗಿಸಬೇಕು. ಅಷ್ಟರಲ್ಲಿ ಎದುರಾಳಿ ಬುಟ್ಟಿಯ ಕೆಳಗೆ ಇರುತ್ತಾಳೆ.

ಚೆಂಡು, ಕೈ, ತಲೆ, ಭುಜ ಇವೆಲ್ಲ ಸುಳ್ಳು ಹೇಳಬಲ್ಲವು, ಯಾಕೆಂದರೆ ಇಡೀ ದೇಹ ಕದಲದೆ ಇವನ್ನು ಆಡಿಸಬಹುದು. ಆದರೆ ನಿಂತಿರುವ ಮನುಷ್ಯನ ಗುರುತ್ವ ಕೇಂದ್ರ ಹೊಕ್ಕುಳಿನ ಹತ್ತಿರ, ಸ್ವಲ್ಪ ಕೆಳಗೆ ಇರುತ್ತದೆ. ದೇಹ ಎಡಕ್ಕೆ ಹೋಗಬೇಕಾದರೆ ಅದೂ ಎಡಕ್ಕೆ ಹೋಗಲೇಬೇಕು. ಆದ್ದರಿಂದ ಎದುರಾಳಿಯ ಸೊಂಟದ ಮೇಲೆ ಕಣ್ಣಿಡಿ.

ಎಷ್ಟು ದೂರ ನಿಲ್ಲಬೇಕು? ಎದುರಾಳಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಬರುತ್ತಿದ್ದಾಳೆ ಎಂದುಕೊಳ್ಳಿ. ನೀವು ಕದಲುವ ಮೊದಲಿನ 0.2 ಸೆಕೆಂಡಿನಲ್ಲಿ ಅವಳು 60 ಸೆಂ.ಮೀ. ಮುಂದೆ ಬಂದಿರುತ್ತಾಳೆ. ಅದು ಸುಮಾರು ನಿಮ್ಮ ಒಂದು ಕೈಯ ಉದ್ದ. ಅದಕ್ಕಿಂತ ಹತ್ತಿರ ನಿಂತರೆ ದಾಟಿ ಹೋಗುತ್ತಾಳೆ, ತುಂಬಾ ದೂರ ನಿಂತರೆ ಆರಾಮವಾಗಿ ಬುಟ್ಟಿಗೆ ಎಸೆಯುತ್ತಾಳೆ.

ಇನ್ನು ನಿಲ್ಲುವ ಭಂಗಿ. ಪಾದಗಳು ಭುಜಕ್ಕಿಂತ ಸ್ವಲ್ಪ ಅಗಲ, ಮೊಣಕಾಲು ಬಾಗಿರಲಿ. ಆಧಾರ ಅಗಲವಾಗಿ, ಗುರುತ್ವ ಕೇಂದ್ರ ಕೆಳಗಿದ್ದರೆ ಸ್ಥಿರತೆ ಹೆಚ್ಚು. ಇನ್ನೊಂದು ಲಾಭವೂ ಉಂಟು: ನೆಟ್ಟಗೆ ನಿಂತವರು ನೆಲವನ್ನು ತಳ್ಳಲು ಮೊದಲು ಮೊಣಕಾಲು ಬಗ್ಗಿಸಬೇಕು, ಬಗ್ಗಿ ನಿಂತವರು ಕೂಡಲೇ ತಳ್ಳಬಹುದು. ಎಡಕ್ಕೆ ಹೋಗಲು ಬಲಗಾಲಿನಿಂದ ನೆಲವನ್ನು ಬಲಕ್ಕೆ ತಳ್ಳಿ. ನೆಲ ನಿಮ್ಮನ್ನು ಎಡಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೇ ನಿಯಮ. ಕಾಲುಗಳನ್ನು ಕತ್ತರಿಯ ಹಾಗೆ ಅಡ್ಡ ಹಾಕಬೇಡಿ, ಆಧಾರ ಕಿರಿದಾಗಿ ಮುಗ್ಗರಿಸುತ್ತೀರಿ. ನಮ್ಮ ಅಂಗಳ ಕೆಂಪು ಮುರಕಲ್ಲಿನದು, ಮೇಲೆ ಹುಡಿ ಕೂತಿರುತ್ತದೆ. ಹುಡಿಯ ಮೇಲೆ ಘರ್ಷಣೆ ಕಡಿಮೆ, ಕಾಲು ಜಾರುತ್ತದೆ. ಆಟಕ್ಕೆ ಮೊದಲು ಗುಡಿಸುವುದು ಕೂಡ ಡಿಫೆನ್ಸೇ!

ಅಭ್ಯಾಸ ಹೀಗೆ ಮಾಡಿ. 3 ಮೀಟರ್ ಅಗಲದ ಪಟ್ಟಿ ಎಳೆಯಿರಿ. ಮೊದಲು ಚೆಂಡು ಬೇಡ. ತಡೆಯುವವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎದುರಾಳಿಯ ಸೊಂಟ ನೋಡುತ್ತಾ 15 ಸೆಕೆಂಡ್ ಎದುರಿಗೇ ಉಳಿಯಬೇಕು. ಕೈ ಕಟ್ಟಿದಾಗ ಕೆಲಸವೆಲ್ಲ ಕಾಲಿಗೆ ಬರುತ್ತದೆ. ನಂತರ ಚೆಂಡು ಕೊಡಿ, ಕೊನೆಗೆ ಕೈ ಬಿಡಿ. ತಳ್ಳುವುದು, ಹಿಡಿಯುವುದು ಫೌಲ್.

ಆ ಹುಡುಗಿ ಟೀಮ್ ಬಿಡಲಿಲ್ಲ. ಎದುರಾಳಿ ಈಗಲೂ ಕೆಲವು ಸಲ ದಾಟಿ ಹೋಗುತ್ತಾಳೆ, ಆದರೆ ನೇರವಾಗಿ ಹೋಗಲು ಆಗುವುದಿಲ್ಲ, ಬದಿಯ ಗೆರೆಯವರೆಗೆ ಸುತ್ತು ಹಾಕಬೇಕು. ಅಷ್ಟರಲ್ಲಿ ಸಹಾಯಕ್ಕೆ ಇನ್ನೊಬ್ಬಳು ಬರುತ್ತಾಳೆ. ಚೆಂಡು ಕಸಿಯದಿದ್ದರೂ ಎದುರಾಳಿಯ ದಾರಿ ಉದ್ದವಾಯಿತಲ್ಲ, ಅದೇ ಒಳ್ಳೆಯ ಡಿಫೆನ್ಸ್.

ಮಾಡಿ ನೋಡಿ:
1. ಸ್ಕೇಲಿನ ಪರೀಕ್ಷೆಯನ್ನು ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಒಂದೇ ಸಲ ಮಾಡಿದರೆ ಯಾಕೆ ಸಾಲದು?
2. ಎದುರಾಳಿಯ ವೇಗ ಸೆಕೆಂಡಿಗೆ 4 ಮೀಟರ್ ಆದರೆ ನೀವು ಎಷ್ಟು ದೂರ ನಿಲ್ಲಬೇಕು?
3. ಕಬಡ್ಡಿಯಲ್ಲಿ ರೈಡರ್ ಬಂದಾಗ ನಿಮ್ಮ ಕಣ್ಣು ಎಲ್ಲಿರಬೇಕು? ಕಾರಣ ಕೊಡಿ.