ವಕೀಲಿಕೆಯಿಂದ ವಿಧಾನಸಭೆಗೆ: ನಿಮ್ಮ ಪ್ರಶ್ನೆ, ಕಾನೂನು ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಕಾನೂನು ಓದಿದ ತರುಣರಿಗೆ ಶಾಸಕರಾಗುವ ಆಸೆ, ಮನೆಯವರಿಗೆ ಆತಂಕ, ಮತದಾರರಿಗೆ ಅನುಮಾನ. ಆಯ್ದ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ಮದ್ದೂರಿನಲ್ಲಿ ಆರು ವರ್ಷಗಳಿಂದ ವಕೀಲಿಕೆ ಮಾಡುತ್ತಿದ್ದೇನೆ. ವಯಸ್ಸು 31. ನಮ್ಮ ಸೀಮೆಯ ಎಸ್.ಎಂ. ಕೃಷ್ಣ ಅವರು ಚಿಕ್ಕ ವಯಸ್ಸಿನಲ್ಲೇ ಪಕ್ಷೇತರರಾಗಿ ನಿಂತು ಗೆದ್ದರೆಂದು ಹಿರಿಯರು ಹೇಳುತ್ತಾರೆ. ನಾನೂ ಹಾಗೆ ನಿಲ್ಲಬಹುದೇ, ಪಕ್ಷದ ಟಿಕೆಟ್ಟಿಗೆ ಕಾಯಬೇಕೇ?
— ಯುವ ವಕೀಲ, ಮದ್ದೂರು

ಉತ್ತರ: ಹಿರಿಯರು ಹೇಳಿದ್ದು ನಿಜ. 1932ರಲ್ಲಿ ಸೋಮನಹಳ್ಳಿಯಲ್ಲಿ ಹುಟ್ಟಿದ ಕೃಷ್ಣ ಅವರು ಬೆಂಗಳೂರಿನಲ್ಲಿ ಕಾನೂನು ಓದಿದರು. ಆಮೇಲೆ ಅಮೆರಿಕಕ್ಕೆ ಹೋಗಿ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ಮತ್ತು ರಾಜಧಾನಿಯ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿ ಬಂದು, ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಪಾಠ ಹೇಳಿದರು. 1962ರ ಚುನಾವಣೆಯಲ್ಲಿ, ಮೂವತ್ತು ತುಂಬುವ ಮೊದಲೇ, ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದರು. ಎದುರಿಗಿದ್ದವರು ಕಾಂಗ್ರೆಸ್ಸಿನ ಕೆ.ವಿ. ಶಂಕರಗೌಡರಂಥ ದೊಡ್ಡ ವ್ಯಕ್ತಿ.

ಆದರೆ ನೀವು ಗಮನಿಸಬೇಕಾದ ವ್ಯತ್ಯಾಸ ಒಂದಿದೆ. ಗೆದ್ದ ಮೇಲೆ ಕೃಷ್ಣ ಅವರು ಪ್ರಜಾ ಸೋಷಲಿಸ್ಟ್ ಪಕ್ಷ ಸೇರಿದರು. ಅಂದು ಅದಕ್ಕೆ ಅಡ್ಡಿ ಇರಲಿಲ್ಲ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಅದರ ಪ್ರಕಾರ ಪಕ್ಷೇತರರಾಗಿ ಆಯ್ಕೆಯಾದವರು ಆಮೇಲೆ ಯಾವುದೇ ಪಕ್ಷ ಸೇರಿದರೆ ಸದಸ್ಯತ್ವಕ್ಕೆ ಅನರ್ಹರಾಗುತ್ತಾರೆ. ಆದ್ದರಿಂದ ಮೊದಲು ಗೆದ್ದು ಬರೋಣ, ಪಕ್ಷ ಆಮೇಲೆ ನೋಡಿಕೊಳ್ಳೋಣ ಎಂಬ ಲೆಕ್ಕಾಚಾರ ಇಂದು ನಡೆಯದು. ಐದು ವರ್ಷ ಒಂಟಿಯಾಗಿಯೇ ಕೂರುವ ಸಿದ್ಧತೆ ಇದ್ದರೆ ಮಾತ್ರ ಪಕ್ಷೇತರರಾಗಿ ನಿಲ್ಲಿ. ಯಾವುದಾದರೂ ಪಕ್ಷದ ವಿಚಾರ ನಿಮಗೆ ಮನಸ್ಸಿನಿಂದ ಒಪ್ಪಿಗೆಯಾಗಿದ್ದರೆ ಈಗಲೇ ಅದರಲ್ಲಿ ದುಡಿಯಿರಿ. 1967ರಲ್ಲಿ ಕೃಷ್ಣ ಅವರು ಅದೇ ಮದ್ದೂರಿನಲ್ಲಿ ಸೋತರು, ಮರುವರ್ಷವೇ ಮಂಡ್ಯದ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಹೋದರು ಎಂಬುದೂ ನಿಮ್ಮ ನೆನಪಿನಲ್ಲಿರಲಿ.

ಪ್ರಶ್ನೆ: ಶಾಸಕನಾದರೆ ಸನ್ನದು ವಾಪಸು ಕೊಡಬೇಕೇ? ಕೋರ್ಟಿಗೆ ಹೋಗುವಂತಿಲ್ಲ ಎಂದು ಬಾರ್ ರೂಮಿನಲ್ಲಿ ಕೆಲವರು ವಾದಿಸುತ್ತಾರೆ.
— ವಕೀಲರು, ಹಾವೇರಿ

ಉತ್ತರ: ಕೊಡಬೇಕಾಗಿಲ್ಲ. ಬಾರ್ ಕೌನ್ಸಿಲ್ ನಿಯಮ 49 ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವವರು ವಕೀಲಿಕೆ ಮಾಡದಂತೆ ತಡೆಯುತ್ತದೆ. ಶಾಸಕರಿಗೂ ಇದು ಅನ್ವಯಿಸಬೇಕೆಂದು ಅಶ್ವಿನಿ ಕುಮಾರ್ ಉಪಾಧ್ಯಾಯ ಅವರು ಸಲ್ಲಿಸಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಶಾಸಕರು ಸಂಬಳ ಪಡೆದರೂ ಯಾರ ನೌಕರರೂ ಅಲ್ಲ ಎಂಬುದು ಅದರ ತಿರುಳು.

ಕಾನೂನು ಬಿಟ್ಟಿದೆ ಎಂದ ಮಾತ್ರಕ್ಕೆ ಎಲ್ಲ ಕೇಸುಗಳನ್ನೂ ಹಿಡಿಯುವುದು ಸರಿಯಲ್ಲ. ಬಗರ್ ಹುಕುಂ ಸಮಿತಿಯನ್ನೇ ತೆಗೆದುಕೊಳ್ಳಿ. ಸರ್ಕಾರಿ ಜಮೀನು ಸಾಗುವಳಿ ಮಾಡಿದವರ ಅರ್ಜಿ ತೀರ್ಮಾನಿಸುವ ಆ ಸಮಿತಿಗೆ ಸಾಮಾನ್ಯವಾಗಿ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ನಿನ್ನೆ ಒಬ್ಬ ರೈತನ ಪರ ಅದೇ ಸರ್ವೆ ನಂಬರಿನ ಕೇಸಿಗೆ ವಕಾಲತ್ತು ಹಾಕಿದವರು ಇಂದು ಅವನ ಅರ್ಜಿಯ ಮೇಲೆ ಸಹಿ ಹಾಕಲು ಕೂತರೆ, ಎದುರು ಪಾರ್ಟಿಗೆ ನ್ಯಾಯದ ಭರವಸೆ ಎಲ್ಲಿ ಉಳಿಯಿತು? ಗೆದ್ದ ದಿನವೇ ನಿಮ್ಮ ಫೈಲುಗಳನ್ನು ಒಂದೊಂದಾಗಿ ನೋಡಿ. ಕ್ಷೇತ್ರದ ಜಮೀನು, ಗುತ್ತಿಗೆ, ಸ್ಥಳೀಯ ಸಂಸ್ಥೆಗಳ ಕೇಸುಗಳನ್ನು ಬೇರೆ ವಕೀಲರಿಗೆ ಒಪ್ಪಿಸಿ, ಕಕ್ಷಿದಾರರಿಗೆ ಬರೆದು ತಿಳಿಸಿ. ಮಂತ್ರಿಯಾದರೆ ವಕೀಲಿಕೆಯನ್ನೇ ಪೂರ್ತಿ ನಿಲ್ಲಿಸಿ.

ಪ್ರಶ್ನೆ: ನಾನು ಸಹಾಯಕ ಸರ್ಕಾರಿ ವಕೀಲೆ. ಮುಂದಿನ ಚುನಾವಣೆಗೆ ನಿಲ್ಲುವ ಯೋಚನೆ ಇದೆ. ಗೆದ್ದ ಮೇಲೆ ಹುದ್ದೆ ಬಿಟ್ಟರೆ ಸಾಲದೇ? ಖರ್ಚಿನ ಮಿತಿ ಎಷ್ಟು?
— ಯುವ ವಕೀಲೆ, ಕಲಬುರಗಿ

ಉತ್ತರ: ಸಾಲದು. ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆ ಹೊಂದಿದವರು ಶಾಸಕರಾಗಿ ಆಯ್ಕೆಯಾಗಲು ಸಂವಿಧಾನದ 191ನೇ ವಿಧಿ ಬಿಡುವುದಿಲ್ಲ. ನಿಮ್ಮಂಥ ವಕೀಲೆಯೊಬ್ಬರ ಕೇಸೇ ಇದಕ್ಕೆ ದಾರಿದೀಪ. ರಾಜಸ್ಥಾನದ ಕಾಂತಾ ಕಥೂರಿಯಾ ಅವರನ್ನು ಸರ್ಕಾರ ಒಂದು ಪ್ರಕರಣಕ್ಕೆ ವಿಶೇಷ ಸರ್ಕಾರಿ ವಕೀಲರನ್ನಾಗಿ ನೇಮಿಸಿತ್ತು. 1967ರಲ್ಲಿ ಅವರು ಶಾಸಕಿಯಾದಾಗ ಸೋತವರು ಹೈಕೋರ್ಟಿಗೆ ಹೋಗಿ ಆಯ್ಕೆಯನ್ನೇ ರದ್ದು ಮಾಡಿಸಿದರು. ಒಂದು ಕೇಸಿಗಷ್ಟೇ ಆದ ನೇಮಕ ‘ಹುದ್ದೆ’ ಅಲ್ಲವೆಂದು 1969ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಹೇಳಿದ ಮೇಲೆ ಅವರ ಸ್ಥಾನ ಉಳಿಯಿತು. ಅಷ್ಟರೊಳಗೆ ರಾಜಸ್ಥಾನ ವಿಧಾನಸಭೆಯೂ ಅಂಥ ಅನರ್ಹತೆಯನ್ನು ಪೂರ್ವಾನ್ವಯವಾಗಿ ತೆಗೆದುಹಾಕುವ ಕಾನೂನು ಮಾಡಿತ್ತು.

ನಿಮ್ಮದು ಒಂದು ಕೇಸಿನ ನೇಮಕವಲ್ಲ, ನಡೆಯುತ್ತಿರುವ ಹುದ್ದೆ. ಕರ್ನಾಟಕದಲ್ಲಿ ಅನರ್ಹತೆಯಿಂದ ವಿನಾಯಿತಿ ಪಡೆದ ಹುದ್ದೆಗಳ ಪಟ್ಟಿಯೇ ಬೇರೆ ಇದೆ. ಆದರೂ ಅದನ್ನು ನೆಚ್ಚಿ ಕೂರಬೇಡಿ. ನಾಮಪತ್ರಕ್ಕೆ ಮೊದಲೇ ರಾಜೀನಾಮೆ ಕೊಡಿ, ಅದು ಅಂಗೀಕಾರವಾದ ಪತ್ರ ಕೈಯಲ್ಲಿರಲಿ. ಉಳಿದ ಲೆಕ್ಕ ಸರಳ: ವಯಸ್ಸು 25 ತುಂಬಿರಬೇಕು, ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಚಲಾಯಿತ ಸಿಂಧು ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಪಡೆಯದೆ ಸೋತರೆ ಠೇವಣಿ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ 2022ರಿಂದ 40 ಲಕ್ಷ ರೂಪಾಯಿ. ಅದು ಮಿತಿಯೇ ಹೊರತು ಅಷ್ಟು ಸುರಿಯಲೇಬೇಕೆಂದಲ್ಲ.

ಪ್ರಶ್ನೆ: ಸಾರ್, ನನ್ನ ಮಗ ಎಲ್‌ಎಲ್.ಬಿ. ಮುಗಿಸಿ ಒಬ್ಬ ಸೀನಿಯರ್ ಹತ್ತಿರ ಸೇರಿದ್ದ. ಈಗ ಕೋರ್ಟು ಬಿಟ್ಟು ಯಾರೋ ಮುಖಂಡರ ಹಿಂದೆ ತಿರುಗುತ್ತಾನೆ. ಕೇಳಿದರೆ, ಸಿದ್ದರಾಮಯ್ಯನವರೂ ಲಾಯರೇ ಆಗಿದ್ದವರು ಅನ್ನುತ್ತಾನೆ. ಏನು ಹೇಳಲಿ?
— ಒಬ್ಬ ತಾಯಿ, ಪಿರಿಯಾಪಟ್ಟಣ

ಉತ್ತರ: ತಾಯಿ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಮಗನ ಆಸೆ ತಪ್ಪಲ್ಲ, ಹಿಡಿದ ದಾರಿ ತಪ್ಪು. ಅವನು ಹೇಳುವ ಉದಾಹರಣೆಯನ್ನೇ ಪೂರ್ತಿ ಹೇಳಿಸಿ. ಸಿದ್ದರಾಮಯ್ಯನವರು ಮೈಸೂರಿನಲ್ಲಿ ಹಿರಿಯ ವಕೀಲರ ಕೈಕೆಳಗೆ ಜೂನಿಯರ್ ಆಗಿ ಕೆಲಸ ಮಾಡಿದರು, ಕಾನೂನು ಕಾಲೇಜಿನಲ್ಲಿ ಪಾಠವನ್ನೂ ಮಾಡಿದರು. 1978ರಲ್ಲಿ ಮೊದಲು ಗೆದ್ದದ್ದು ತಾಲ್ಲೂಕು ಬೋರ್ಡಿಗೆ. 1980ರಲ್ಲಿ ಮೈಸೂರಿನಿಂದ ಲೋಕಸಭೆಗೆ ನಿಂತು ಸೋತರು. 1983ರಲ್ಲಿ ಚಾಮುಂಡೇಶ್ವರಿ ಕ್ಷೇತ್ರದಿಂದ ಶಾಸಕರಾದರು. 1989ರಲ್ಲಿ ಮತ್ತೆ ಸೋತರು. ಆ ದಾರಿಯಲ್ಲಿ ಕೆಲಸವೂ ಇತ್ತು, ಸೋಲೂ ಇತ್ತು.

ಮಗನಿಗೆ ಹೇಳಿ: ಬೆಳಗ್ಗೆ ಕೋರ್ಟಿಗೆ ಹೋಗು, ಸಂಜೆ ಜನರ ಹತ್ತಿರ ಹೋಗು. ಪೋಡಿ ಆಗದ ಜಮೀನು, ಖಾತೆ ಬದಲಾಗದ ಮನೆ, ನಿಂತುಹೋದ ವಿಧವಾ ವೇತನ ಇವುಗಳಿಗೆ ಅರ್ಜಿ ಬರೆದುಕೊಡು, ತಾಲ್ಲೂಕು ಕಚೇರಿಗೆ ಜೊತೆಯಲ್ಲಿ ನಡೆ. ಸ್ವಂತ ದುಡಿಮೆ ಇಲ್ಲದೆ ರಾಜಕೀಯಕ್ಕೆ ಹೋದವನು ಬೇರೆಯವರ ದುಡ್ಡಿಗೆ ಋಣಿಯಾಗುತ್ತಾನೆ. ಮುಂದೆ ಸದನದಲ್ಲಿ ಅವನ ನಾಲಗೆಯನ್ನು ಕಟ್ಟುವುದು ಆ ಋಣವೇ.

ಪ್ರಶ್ನೆ: ಕೆಂಗಲ್ ಹನುಮಂತಯ್ಯ, ನಿಜಲಿಂಗಪ್ಪ ಇವರೆಲ್ಲ ವಕೀಲರೇ. ಆದರೆ ಈಗ ವಕೀಲ ಶಾಸಕರಾಗಲಿ ಬೇರೆಯವರಾಗಲಿ, ಮದುವೆ ಮುಂಜಿ, ಗುದ್ದಲಿ ಪೂಜೆಗಳಲ್ಲೇ ಕಾಣುತ್ತಾರೆ. ಕಾನೂನು ಓದಿದವರನ್ನೇ ಆರಿಸಿದರೆ ಜನರಿಗೆ ನಿಜವಾಗಿ ಏನು ಲಾಭ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಗುರುಗಳೇ, ಲಾಭ ಇರುವುದು ಮಸೂದೆಯ ಕಲಂ ಕಲಂ ಓದುವಲ್ಲಿ. ನಮ್ಮದೇ ನಾಡಿನ ದೊಡ್ಡ ಕಾನೂನಿನಿಂದ ಒಂದು ಉದಾಹರಣೆ ಕೊಡುತ್ತೇನೆ.

ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣಾ ಕಾಯ್ದೆಗೆ ಆದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿದರು, ಭೂ ನ್ಯಾಯಮಂಡಳಿಗಳು ವಿಚಾರಣೆ ನಡೆಸಿದವು. ಲಕ್ಷಾಂತರ ಮನೆಗಳ ಬದುಕು ಬದಲಾಯಿತು. ಅದೇ ಕಾಯ್ದೆಯ 48ನೇ ಕಲಮಿನ 8ನೇ ಉಪಕಲಂ, ಈ ಮಂಡಳಿಗಳ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದಿತು. ಅದರ ಹಿಂದಿನ ಕಾಳಜಿ ಊಹಿಸಲು ಕಷ್ಟವಲ್ಲ. ಜಮೀನ್ದಾರ ದೊಡ್ಡ ವಕೀಲರನ್ನು ತರಬಲ್ಲ, ಗೇಣಿದಾರ ತರಲಾರ. ಆದರೆ ವಕೀಲಿಕೆಯ ಹಕ್ಕು ಕೇಂದ್ರದ ವಕೀಲರ ಕಾಯ್ದೆಗೆ ಸೇರಿದ್ದು. 1987ರಲ್ಲಿ ಸುಪ್ರೀಂ ಕೋರ್ಟ್ ಭೂಸುಧಾರಣೆಯನ್ನು ಎತ್ತಿಹಿಡಿದು, ಈ ಉಪಕಲಮಿನ ಮೂಲಕ ವಕೀಲರನ್ನು ತಡೆಯುವಂತಿಲ್ಲ ಎಂದಿತು.

ಅಂಥ ಮಸೂದೆ ಮೇಜಿಗೆ ಬಂದಾಗ ವಕೀಲ ಶಾಸಕ ಎರಡು ಪ್ರಶ್ನೆ ಕೇಳಬಲ್ಲ. ಈ ನಿಷೇಧ ಹೇರುವ ಅಧಿಕಾರ ರಾಜ್ಯಕ್ಕೆ ಇದೆಯೇ? ಮಂಡಳಿಯ ಆದೇಶದ ವಿರುದ್ಧ ಜಮೀನ್ದಾರ ಹೈಕೋರ್ಟಿಗೆ ಹೋದರೆ ಗೇಣಿದಾರನಿಗೆ ವಕೀಲರನ್ನು ಯಾರು ಕೊಡುತ್ತಾರೆ? ನಿಷೇಧದ ಬದಲು ಪ್ರತಿ ಗೇಣಿದಾರನಿಗೂ ಉಚಿತ ಕಾನೂನು ನೆರವು ಎಂಬ ತಿದ್ದುಪಡಿಯನ್ನು ಅವನು ಮಂಡಿಸಬಹುದು. ಆದರೆ ಅದೇ ಶಾಸಕ ಎದ್ದು ನಿಂತು ವಕೀಲರ ಸಂಪಾದನೆಗೆ ಕಲ್ಲು ಬೀಳುತ್ತದೆ ಎಂದಷ್ಟೇ ವಾದಿಸಿದರೆ, ಅವನ ಓದು ಜನರಿಗೆ ದಕ್ಕಲಿಲ್ಲ ಎಂದೇ ಅರ್ಥ. ಕೋರ್ಟಿನಲ್ಲಿ ವಕೀಲ ತನ್ನ ಕಕ್ಷಿದಾರನ ಪರ ನಿಲ್ಲಬೇಕು, ಅದು ಅವನ ಧರ್ಮ. ಸದನದಲ್ಲಿ ಅವನು ಅಲ್ಲಿಗೆ ಬರಲಾಗದವರ ಪರ ನಿಲ್ಲಬೇಕು. ಈ ಬದಲಾವಣೆ ಮನಸ್ಸಿನಲ್ಲಿ ಆಗದಿದ್ದರೆ ಎಷ್ಟು ಪದವಿಗಳಿದ್ದರೂ ಪ್ರಯೋಜನವಿಲ್ಲ.

ಮದುವೆ ಮನೆಗೆ ಶಾಸಕರು ಬರಲಿ, ಬೇಡ ಎನ್ನುವುದಿಲ್ಲ. ಬಂದಾಗ ನೀವು, ನಿಮ್ಮ ಹಳೆಯ ವಿದ್ಯಾರ್ಥಿಗಳು ಒಂದು ಮಾತು ಕೇಳಿ: ಕಳೆದ ಅಧಿವೇಶನದಲ್ಲಿ ಯಾವ ಮಸೂದೆ ಓದಿದಿರಿ, ಯಾವ ಕಲಮಿಗೆ ತಿದ್ದುಪಡಿ ಕೊಟ್ಟಿರಿ, ಚುಕ್ಕೆ ಗುರುತಿನ ಪ್ರಶ್ನೆ ಯಾವುದನ್ನು ಕೇಳಿದಿರಿ? ನಾಲ್ಕು ಊರುಗಳಲ್ಲಿ ಜನ ಹೀಗೆ ಕೇಳತೊಡಗಿದರೆ ಶಾಸಕರು ಓದಿಕೊಂಡೇ ಸದನಕ್ಕೆ ಹೋಗುತ್ತಾರೆ. ಆಗ ಕಾನೂನು ಓದಿದವರಿಗೂ ಓದದವರಿಗೂ ಒಂದೇ ಪರೀಕ್ಷೆ, ಅಂಕ ಹಾಕುವವರು ನೀವು.