ಯಿನ್-ಯಾಂಗ್: ಒಳಿತು-ಕೆಡುಕುಗಳ ಜೋಡಿಯಲ್ಲ

ಚೀನೀ ವೈದ್ಯಪದ್ಧತಿಯ ಮಾತು ಬಂದಾಗಲೆಲ್ಲ ಯಿನ್, ಯಾಂಗ್ ಎಂಬ ಎರಡು ಪದಗಳು ಕೇಳಿಬರುತ್ತವೆ. ಪಾಶ್ಚಾತ್ಯರ ಜನಪ್ರಿಯ ಪುಸ್ತಕಗಳ ಮೂಲಕ ನಮ್ಮನ್ನು ತಲುಪುವಷ್ಟರಲ್ಲಿ ಅವುಗಳ ಅರ್ಥ ಬಹುಮಟ್ಟಿಗೆ ಬದಲಾಗಿದೆ.

ಮೂಲದಲ್ಲಿ ಯಿನ್ ಎಂದರೆ ಬೆಟ್ಟದ ನೆರಳಿನ ಪಾರ್ಶ್ವ. ಯಾಂಗ್ ಎಂದರೆ ಬಿಸಿಲಿನ ಪಾರ್ಶ್ವ. ಬೆಟ್ಟವೊಂದೇ, ಹೊತ್ತು ಸರಿದಂತೆ ನೆರಳಿದ್ದಲ್ಲಿ ಬಿಸಿಲು ಬರುತ್ತದೆ.

ಯಾಂಗ್ ಒಳಿತು, ಯಿನ್ ಕೆಡುಕು ಎಂಬುದು ಮೊದಲನೆಯ ತಪ್ಪು. ಹಗಲಿನ ದುಡಿಮೆ ಯಾಂಗ್, ಇರುಳಿನ ನಿದ್ರೆ ಯಿನ್. ನಿದ್ರೆಯನ್ನು ಕೆಡುಕೆಂದು ಯಾರು ಹೇಳಿಯಾರು?

ಒಂದು ವಸ್ತು ಸದಾ ಯಿನ್, ಮತ್ತೊಂದು ಸದಾ ಯಾಂಗ್ ಎಂಬುದು ಎರಡನೆಯ ತಪ್ಪು. ನೀರು ಹಬೆಯೆದುರು ಯಿನ್, ಮಂಜುಗಡ್ಡೆಯೆದುರು ಯಾಂಗ್. ಪ್ರಾಚೀನ ವೈದ್ಯಗ್ರಂಥ ‘ಹುವಾಂಗ್‌ದಿ ನೈಜಿಂಗ್’ ಹೃದಯವನ್ನು ಯಾಂಗಿನೊಳಗಿನ ಯಾಂಗ್ ಎಂದೂ ಶ್ವಾಸಕೋಶವನ್ನು ಯಾಂಗಿನೊಳಗಿನ ಯಿನ್ ಎಂದೂ ಕರೆಯುತ್ತದೆ.

ಇವನ್ನೇ ಶಿವ-ಶಕ್ತಿ ಎನ್ನುವುದೂ ಸಲ್ಲದು. ಯಿನ್ ನಿಶ್ಚಲತೆಯ ಹೆಸರು. ನಮ್ಮ ಶಕ್ತಿಯಾದರೋ ಕ್ರಿಯಾಸ್ವರೂಪಿಣಿ.

ಈ ತಪ್ಪುಗಳು ಊಟದ ತಟ್ಟೆಯವರೆಗೂ ಬರುತ್ತವೆ. ಜಪಾನಿನ ಜಾರ್ಜ್ ಒಸಾವಾ ಪಾಶ್ಚಾತ್ಯ ದೇಶಗಳಲ್ಲಿ ಹರಡಿದ ಮ್ಯಾಕ್ರೊಬಯೋಟಿಕ್ ಪಥ್ಯದ ಯಿನ್-ಯಾಂಗ್ ವಿಂಗಡಣೆ ಚೀನೀ ವೈದ್ಯದ ವಿಂಗಡಣೆಯೊಡನೆ ಎಲ್ಲೆಡೆ ಹೊಂದುವುದಿಲ್ಲ. ಅಂಥ ಪಟ್ಟಿಗಳನ್ನು ನಂಬಿ ಹಣ್ಣು, ಹಾಲುಗಳನ್ನು ತ್ಯಜಿಸಿ ಬರಿಯ ಧಾನ್ಯದಿಂದ ಬಾಳಹೊರಟರೆ ದೇಹ ಸೊರಗುತ್ತದೆ. ಬೆಳೆಯುವ ಮಕ್ಕಳಿಗೂ ಗರ್ಭಿಣಿಯರಿಗೂ ಅಪಾಯ ಇನ್ನೂ ಹೆಚ್ಚು.

ಯಿನ್-ಯಾಂಗ್ ಕಲಿಸುವುದು ಕಾಲಕ್ಕೆ ತಕ್ಕ ಹೊಂದಾಣಿಕೆಯನ್ನು: ದುಡಿದವನಿಗೆ ವಿಶ್ರಾಂತಿ, ಕುಳಿತವನಿಗೆ ನಡಿಗೆ. ಅಷ್ಟನ್ನು ಸ್ವೀಕರಿಸೋಣ, ರೋಗ ಬಂದಾಗ ಪಟ್ಟಿಯನ್ನು ಬದಿಗಿಟ್ಟು ವೈದ್ಯರನ್ನು ಕಾಣೋಣ.